ಮೀನು ತರುವ ಮುನ್ನ ಮರ, ಗಿಡ: ಮೊದಲ ಅಕ್ವೇರಿಯಂಗೆ ಶುಚಿಯಾದ ತಯಾರಿ

ಶಾಲೆಗೆ ರಜೆ ಸಿಕ್ಕಿದಾಗ, ಪೆರ್ನಾಳ್ ಹತ್ತಿರ ಬಂದಾಗ ಅನೇಕ ಮನೆಗಳಲ್ಲಿ ಮಕ್ಕಳ ಒಂದು ಬೇಡಿಕೆ ಕೇಳಿಬರುತ್ತದೆ: "ಉಮ್ಮಾ, ನಮಗೂ ಒಂದು ಮೀನಿನ ತೊಟ್ಟಿ ಬೇಕು." ಒಂದು ಸಂಜೆ ಅಂಗಡಿಗೆ ಹೋಗಿ ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಒಂದು ಪ್ಯಾಕೆಟ್ ಮೀನು ಎಲ್ಲವನ್ನೂ ಒಟ್ಟಿಗೆ ತರುತ್ತೇವೆ. ರಾತ್ರಿಯೊಳಗೆ ನೀರು ತುಂಬಿಸಿ ಮೀನು ಬಿಟ್ಟಾಗುತ್ತದೆ. ಮೂರನೇ ದಿನ ಒಂದು ಮೀನು ಮೇಲೆ ತೇಲುತ್ತದೆ, ವಾರ ಕಳೆಯುವಾಗ ಎರಡೋ ಮೂರೋ ಮಾತ್ರ ಉಳಿದಿರುತ್ತವೆ. ಮಕ್ಕಳು ಅಳುತ್ತಾರೆ, ದೊಡ್ಡವರು ಅಂಗಡಿಯವನನ್ನು ಬೈಯುತ್ತಾರೆ. ಕೊನೆಗೆ ಖಾಲಿ ತೊಟ್ಟಿ ಅಟ್ಟ ಸೇರುತ್ತದೆ.

ಇಲ್ಲಿ ಹೆಚ್ಚಾಗಿ ತಪ್ಪುವುದು ಮೀನಿನ ಆಯ್ಕೆಯಲ್ಲ, ಕೆಲಸದ ಅನುಕ್ರಮ. ಮೀನು ಕೊನೆಯಲ್ಲಿ ಬರಬೇಕು. ಅದಕ್ಕಿಂತ ಮೊದಲು ತೊಟ್ಟಿಯ ನೀರು ಬದುಕಲು ಯೋಗ್ಯವಾಗಬೇಕು. ಆ ಕೆಲಸದಲ್ಲಿ ನೆರವಾಗುವುದು ಒಂದು ಒಳ್ಳೆಯ ಮರದ ತುಂಡು ಮತ್ತು ನಾಲ್ಕೈದು ಜೀವಂತ ಗಿಡಗಳು. ಅವನ್ನು ಆರಿಸುವುದು, ತೊಳೆಯುವುದು, ಇಡುವುದು ಹೇಗೆ ಎಂಬುದನ್ನು ಮನೆಯವರ ಆರೋಗ್ಯವನ್ನೂ ಗಮನದಲ್ಲಿಟ್ಟುಕೊಂಡು ಇಲ್ಲಿ ನೋಡೋಣ.

ಸಾಕುವುದೆಂದರೆ ಅಮಾನತ್

ಬೆಕ್ಕೊಂದನ್ನು ಕಟ್ಟಿಹಾಕಿ, ತಿನ್ನಲು ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆಯೊಬ್ಬಳು ಅದಕ್ಕಾಗಿಯೇ ಶಿಕ್ಷೆಗೆ ಗುರಿಯಾದ ವಿಚಾರ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಸಣ್ಣ ಹಕ್ಕಿಯನ್ನು ಸಾಕಿದ್ದ, ಪ್ರವಾದಿ(ಸ)ರು ಆ ಹಕ್ಕಿಯ ಬಗ್ಗೆ ಮಗುವಿನೊಡನೆ ಪ್ರೀತಿಯಿಂದ ವಿಚಾರಿಸುತ್ತಿದ್ದರು ಎಂಬುದೂ ಅದೇ ಗ್ರಂಥಗಳಲ್ಲಿದೆ. ಈ ಎರಡನ್ನೂ ಮುಂದಿಟ್ಟುಕೊಂಡೇ ಉಲಮಾಗಳು, ಸರಿಯಾಗಿ ನೋಡಿಕೊಳ್ಳುವುದಾದರೆ ಜೀವಿಗಳನ್ನು ಸಾಕಬಹುದು ಎನ್ನುತ್ತಾರೆ. ಗಾಜಿನೊಳಗಿನ ಮೀನಿಗೆ ಓಡಿಹೋಗಿ ಬೇರೆ ನೀರು ಹುಡುಕುವ ದಾರಿಯಿಲ್ಲ. ನಾವು ಕೊಟ್ಟ ನೀರೇ ಅದರ ಲೋಕ. ಆದ್ದರಿಂದ ತೊಟ್ಟಿಯ ಹಿಂದಿನ ತಯಾರಿಯನ್ನು ಹವ್ಯಾಸದ ಮಾತಷ್ಟೇ ಎಂದುಕೊಳ್ಳಬಾರದು.

ನೀರಿನೊಳಗೆ ನಡೆಯುವುದೇನು?

ಮೀನಿನ ಮಲ ಮತ್ತು ಉಳಿದ ಆಹಾರ ಕೊಳೆತು ನೀರಿನಲ್ಲಿ ಅಮೋನಿಯಾ ಆಗುತ್ತದೆ. ಮೀನಿನ ಕಿವಿರುಗಳಿಂದಲೂ ಅಮೋನಿಯಾ ಹೊರಬರುತ್ತದೆ. ಇದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ಇದು ಕಡಿಮೆ ಪ್ರಮಾಣದಲ್ಲಿ ಹಾನಿ ಮಾಡುವುದಿಲ್ಲ, ಗಿಡಗಳಿಗೆ ಗೊಬ್ಬರವೂ ಹೌದು.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಇರುವುದಿಲ್ಲ. ಅವು ಬೆಳೆದು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊದಲ ವಾರದಲ್ಲೇ ಮೀನು ಸಾಯುವುದಕ್ಕೆ ಬಹುಪಾಲು ಇದೇ ಕಾರಣ. ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲಿ ವಿಷ ಇರಬಹುದು.

ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದಕ್ಕಿಂತ ಮೇಲ್ಮೈಗಳಿಗೆ ಅಂಟಿಕೊಂಡು ಬದುಕುತ್ತವೆ. ಫಿಲ್ಟರಿನ ಸ್ಪಂಜು, ಕಲ್ಲು ಮತ್ತು ಮರದ ಒರಟು ಮೈ ಅವುಗಳ ಮನೆ. ಗಿಡಗಳಂತೂ ಅಮೋನಿಯಾವನ್ನು ನೇರವಾಗಿಯೇ ಹೀರಿಕೊಳ್ಳುತ್ತವೆ. ಹೀಗೆ ಮರ ಮತ್ತು ಗಿಡಗಳು ನೀರನ್ನು ಹದಗೊಳಿಸುವ ಕೆಲಸಕ್ಕೂ ಒದಗುತ್ತವೆ. ಅಂಗಡಿಯಲ್ಲಿ ಸಿಗುವ ಮನುಷ್ಯಾಕೃತಿಯ ಗೊಂಬೆ, ಪ್ರತಿಮೆಗಳನ್ನು ಮನೆಯಲ್ಲಿಡಲು ಇಷ್ಟಪಡದ ಕುಟುಂಬಗಳಿಗೆ ಇದು ಚೆಂದದ ಬದಲಿ ಕೂಡ.

ಯಾವ ಮರ ಒಳ್ಳೆಯದು?

ಅಂಗಡಿಗಳಲ್ಲಿ ಡ್ರಿಫ್ಟ್‌ವುಡ್ ಎಂಬ ಹೆಸರಿನಲ್ಲಿ ಒಣಗಿದ ಬೇರು, ಕೊಂಬೆಗಳನ್ನು ಮಾರುತ್ತಾರೆ. ತೊಟ್ಟಿಗೆಂದೇ ಮಾರುವ ಈ ಮರ ಮೊದಲ ಸಲದವರಿಗೆ ಸುರಕ್ಷಿತ. ಕೊಳ್ಳುವಾಗ ನಾಲ್ಕು ಪರೀಕ್ಷೆ ಮಾಡಿ.

ಒಂದು, ಉಗುರಿನಿಂದ ಗೀರಿ ನೋಡಿ. ಉಗುರು ಸುಲಭವಾಗಿ ಒಳಗೆ ಹೋದರೆ ಮರ ಕೊಳೆತಿದೆ ಎಂದರ್ಥ. ಎರಡು, ಮೂಸಿ ನೋಡಿ. ಹುಳಿ ವಾಸನೆ, ಟರ್ಪೆಂಟೈನ್ ಅಥವಾ ಎಣ್ಣೆಯ ವಾಸನೆ ಬಂದರೆ ಬೇಡ. ಮೂರು, ಸಿಪ್ಪೆ ಪೂರ್ತಿ ಹೋಗಿರಬೇಕು, ಒಳಗೆ ಹಸಿ ಇರಬಾರದು. ನಾಲ್ಕು, ವಾರ್ನಿಷ್, ಬಣ್ಣ, ಅಂಟು ಇರಬಾರದು. ಶೋಕೇಸಿಗೆಂದು ಪಾಲಿಶ್ ಮಾಡಿದ ಮರದ ತುಂಡು ನೀರಿಗೆ ಹೇಳಿದ್ದಲ್ಲ.

ಮನೆಯ ಹಿತ್ತಿಲಿನ ಮರ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಚೆನ್ನಾಗಿ ಒಣಗಿದ, ಸಿಪ್ಪೆ ತೆಗೆದ ಪೇರಳೆ ಕೊಂಬೆಯನ್ನು ಮೀನು ಸಾಕುವವರು ಬಳಸುತ್ತಾರೆ. ಅದು ಗಟ್ಟಿ, ಕವಲುಗಳೂ ಅಂದವಾಗಿರುತ್ತವೆ. ಆದರೆ ಹಸಿಯಾಗಿ ಕಡಿದದ್ದನ್ನು ಹಾಕಬಾರದು. ತಿಂಗಳುಗಟ್ಟಲೆ ನೆರಳಲ್ಲಿ ಒಣಗಿ, ಮುರಿದಾಗ ಪಟ್ಟೆಂದು ಸದ್ದಾಗುವಂತಿರಬೇಕು.

ಕೆಲವು ಮರಗಳು ಖಂಡಿತ ಬೇಡ. ಕಣಗಿಲೆ, ಕಾಸರಕ, ಕಳ್ಳಿ ಇವು ವಿಷದ ಗಿಡಗಳು. ಗೇರಿನ ಸೊನೆ ಚರ್ಮವನ್ನೇ ಸುಡುತ್ತದೆ. ಹಲಸು, ರಬ್ಬರ್‌ನಂಥ ಹಾಲು ಬರುವ ಮರಗಳು, ಪೈನ್‌ನಂಥ ಅಂಟು ರಸದ ಮರಗಳು ಸರಿಯಲ್ಲ. ಪ್ಲೈವುಡ್ ಮತ್ತು ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳಲ್ಲಿ ಅಂಟು, ಕೀಟನಾಶಕ ಇರಬಹುದು. ಯಾವ ಮರವೆಂದು ಗೊತ್ತಿಲ್ಲದಿದ್ದರೆ ಅದನ್ನು ಬಿಟ್ಟುಬಿಡುವುದೇ ಸರಿ.

ಮಳೆಗಾಲ ಕಳೆದ ಮೇಲೆ ಉಳ್ಳಾಲ, ಪಣಂಬೂರು, ಮಲ್ಪೆಯ ಕಡಲ ದಂಡೆಗಳಲ್ಲಿ ಮರದ ತುಂಡುಗಳು ಬಿದ್ದಿರುತ್ತವೆ. ನೋಡಲು ಸುಂದರ. ಆದರೆ ಅವು ಉಪ್ಪು ಕುಡಿದ ಮರಗಳು. ದೋಣಿಯ ಡೀಸೆಲ್, ಬಣ್ಣ ತಗಲಿರಲೂಬಹುದು. ಒಳಗಿನ ಉಪ್ಪು ಹೋಗಲು ವಾರಗಟ್ಟಲೆ ಸಿಹಿನೀರಿನಲ್ಲಿ ನೆನೆಸಬೇಕಾಗುತ್ತದೆ. ಮೊದಲ ತೊಟ್ಟಿಗೆ ಆ ಗೋಜು ಬೇಡ. ನದಿದಂಡೆಯ ಮರವಾದರೆ ಮೇಲ್ಭಾಗದಲ್ಲಿ ಚರಂಡಿ ಸೇರುತ್ತದೆಯೇ ಎಂದು ಯೋಚಿಸಬೇಕು. ಕಾಂಡ್ಲಾ ಗಿಡಗಳ ಬೇರನ್ನು ಕಡಿಯುವುದು ತಪ್ಪು. ಕಾಯ್ದಿರಿಸಿದ ಅರಣ್ಯದಿಂದ ಅನುಮತಿಯಿಲ್ಲದೆ ಮರ ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ.

ಗಾತ್ರ ಎಷ್ಟಿರಬೇಕು? ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೆ ಒಂದು ಅಡಿಯೊಳಗಿನ ಒಂದೇ ತುಂಡು ಸಾಕು. ಎರಡು ಗಾಜುಗಳ ನಡುವೆ ಬಿಗಿಯಾಗಿ ಸಿಕ್ಕಿಸಬೇಡಿ. ಮರ ನೀರು ಕುಡಿದು ಉಬ್ಬಿದಾಗ ಗಾಜಿನ ಮೇಲೆ ಒತ್ತಡ ಬೀಳುತ್ತದೆ.

ಮರವನ್ನು ಶುಚಿಗೊಳಿಸುವುದು

ಮೊದಲು ಹೊಸ ಬ್ರಷ್‌ನಿಂದ, ಹರಿಯುವ ನೀರಿನಲ್ಲಿ ಸಂದುಗೊಂದು ಬಿಡದೆ ಉಜ್ಜಿ. ಸಡಿಲವಾದ, ಮೆತ್ತಗಾದ ಭಾಗಗಳನ್ನು ಕೆರೆದು ತೆಗೆಯಿರಿ. ಸೋಪು, ಪಾತ್ರೆ ತೊಳೆಯುವ ದ್ರಾವಣ, ಫಿನಾಯಿಲ್ ಯಾವುದನ್ನೂ ಬಳಸಬೇಡಿ. ಮರ ಅವುಗಳನ್ನು ಹೀರಿಕೊಂಡು, ಆಮೇಲೆ ತೊಟ್ಟಿಯೊಳಗೆ ನಿಧಾನವಾಗಿ ಬಿಡುತ್ತದೆ.

ಪಾತ್ರೆಯಲ್ಲಿ ಹಿಡಿಯುವಷ್ಟು ಸಣ್ಣದಾದರೆ ಒಂದೆರಡು ಗಂಟೆ ಕುದಿಸಿ. ಇದಕ್ಕೆ ಅಡುಗೆಯ ಪಾತ್ರೆ ಬೇಡ. ಗುಜರಿಗೆ ಹಾಕಲಿಟ್ಟ ಹಳೆಯ ಪಾತ್ರೆಯೊಂದನ್ನು ಇದಕ್ಕಾಗಿಯೇ ಇಟ್ಟುಕೊಳ್ಳಿ. ಕುದಿಯುವಾಗ ಮಕ್ಕಳು ಹತ್ತಿರ ಇರಬಾರದು. ನೀರು ಕಡುಕಂದಾದಾಗ ಚೆಲ್ಲಿ, ಹೊಸ ನೀರು ಹಾಕಿ ಮತ್ತೆ ಕುದಿಸಿ. ಕುದಿಸುವುದರಿಂದ ಅಣಬೆಯ ಬೀಜಕಣ, ಹುಳುಮೊಟ್ಟೆ ನಾಶವಾಗುತ್ತವೆ, ಬಣ್ಣ ಬೇಗ ಬಿಡುತ್ತದೆ, ಮರ ಬೇಗ ಮುಳುಗುತ್ತದೆ. ಒಂದು ಎಚ್ಚರಿಕೆ: ಅಲಂಕಾರದ ಕಲ್ಲುಗಳನ್ನು ಮಾತ್ರ ಹೀಗೆ ಕುದಿಸಬಾರದು. ಒಳಗೆ ಸೇರಿಕೊಂಡ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ಅವನ್ನು ಉಜ್ಜಿ ತೊಳೆದರೆ ಸಾಕು.

ದೊಡ್ಡ ತುಂಡಾದರೆ ಟಬ್ಬಿನಲ್ಲಿಟ್ಟು ಬಿಸಿನೀರು ಹುಯ್ದು, ಆಮೇಲೆ ಒಂದರಿಂದ ಮೂರು ವಾರ ತಣ್ಣೀರಿನಲ್ಲಿ ನೆನೆಸಿ. ಇಲ್ಲಿ ಮನೆಯವರ ಆರೋಗ್ಯದ ದೊಡ್ಡ ಪ್ರಶ್ನೆಯೊಂದಿದೆ. ಮೂಲೆಯಲ್ಲಿ ಮರೆತುಹೋದ ಆ ಟಬ್ಬಿನ ನಿಂತ ನೀರು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಬೇಕಾದಂಥದ್ದೇ. ಮೊಟ್ಟೆಯಿಂದ ರೆಕ್ಕೆ ಬಲಿತ ಸೊಳ್ಳೆಯಾಗಲು ನಮ್ಮ ಸೆಕೆಯಲ್ಲಿ ಏಳರಿಂದ ಹತ್ತು ದಿನ ಸಾಕು. 2024ರಲ್ಲಿ ಕರ್ನಾಟಕ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ದಂಡ ವಿಧಿಸಲು ಅವಕಾಶ ಮಾಡಿದೆ. ದಂಡದ ಮಾತು ಹಾಗಿರಲಿ, ಒಂದು ಮರದ ತುಂಡಿಗಾಗಿ ಮನೆಯ ಮಗು, ನೆರೆಮನೆಯ ಮಗು ಜ್ವರ ಬಂದು ಮಲಗುವಂತಾಗಬಾರದು.

ಆದ್ದರಿಂದ ನೆನೆಸುವ ನೀರನ್ನು ಎರಡು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ. ಟಬ್ಬಿನ ಒಳಗೋಡೆಯನ್ನು ಉಜ್ಜಿ, ಯಾಕೆಂದರೆ ಈಡಿಸ್ ಮೊಟ್ಟೆಗಳು ಗೋಡೆಗೆ ಅಂಟಿಕೊಂಡಿರುತ್ತವೆ. ಮೇಲೆ ಒತ್ತಾದ ಬಟ್ಟೆ ಕಟ್ಟಿ. ಹೀಗೆ ನೀರು ಬದಲಿಸುವುದರಿಂದ ಮರದ ಕಂದು ಬಣ್ಣವೂ ಬೇಗ ಇಳಿಯುತ್ತದೆ. ಚೆಲ್ಲುವ ನೀರು ಕರಿಬೇವಿನ ಬುಡಕ್ಕೋ ಹೂವಿನ ಗಿಡಕ್ಕೋ ಹೋಗಲಿ.

ಚಹಾದ ಬಣ್ಣ, ಬಿಳಿ ಲೋಳೆ: ಗಾಬರಿ ಬೇಡ

ತೊಟ್ಟಿಗೆ ಇಟ್ಟ ಮೇಲೂ ಮರ ಕೆಲವು ವಾರ ನೀರಿಗೆ ತಿಳಿ ಚಹಾದ ಬಣ್ಣ ಕೊಡಬಹುದು. ಇದು ಟ್ಯಾನಿನ್. ಚಹಾದಲ್ಲಿರುವುದೂ ಇದೇ ಜಾತಿಯ ವಸ್ತು. ಮೀನಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಶಾಲೆಗಳ ಅಂಗಳದಲ್ಲಿ ನೆರಳಿಗೆ ನೆಡುವ ಕಾಡುಬಾದಾಮಿಯ ಒಣ ಎಲೆಯನ್ನು ಮೀನು ಸಾಕುವವರು ಬೇಕೆಂದೇ ತೊಟ್ಟಿಗೆ ಹಾಕುವುದು ಈ ಟ್ಯಾನಿನ್‌ಗಾಗಿ. ಬಣ್ಣ ಇಷ್ಟವಾಗದಿದ್ದರೆ ವಾರಕ್ಕೊಮ್ಮೆ ನೀರು ಬದಲಿಸುತ್ತಾ ಹೋದರೆ ಕಡಿಮೆಯಾಗುತ್ತದೆ.

ಆದರೆ ಟ್ಯಾನಿನ್ ನೀರನ್ನು ಸ್ವಲ್ಪ ಆಮ್ಲೀಯ ಮಾಡುತ್ತದೆ. ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಅಂಥ ನೀರಿನಲ್ಲಿ ಈ ಪರಿಣಾಮ ಬೇಗ ಕಾಣುತ್ತದೆ. ಆದ್ದರಿಂದ ಅಲ್ಲಿ ಮರ ಹೆಚ್ಚಾಗಬಾರದು. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸಾಗಿರುವುದರಿಂದ ಅಲ್ಲಿ ಬದಲಾವಣೆ ಕಡಿಮೆ.

ಮೊದಲ ಕೆಲವು ವಾರಗಳಲ್ಲಿ ಮರದ ಮೇಲೆ ಹತ್ತಿಯಂಥ ಬಿಳಿ ಲೋಳೆ ಕಾಣಿಸಬಹುದು. ಮರದಲ್ಲಿ ಉಳಿದ ಸಕ್ಕರೆ ಅಂಶವನ್ನು ತಿನ್ನುವ ಸೂಕ್ಷ್ಮಜೀವಿಗಳು ಇವು. ಅಪಾಯವಿಲ್ಲ. ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಕ್ರಮೇಣ ತಾನಾಗಿ ನಿಲ್ಲುತ್ತದೆ. ಆದರೆ ಮರ ಮೆತ್ತಗಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೂಡಲೇ ಹೊರಗೆ ತೆಗೆಯಬೇಕು.

ಮೊದಲ ತೊಟ್ಟಿಗೆ ಯಾವ ಗಿಡ?

ಸುಲಭವಾಗಿ ಸಾಯದ ಗಿಡಗಳಿಂದ ಆರಂಭಿಸಿ. ಜಾವಾ ಫರ್ನ್ ಮತ್ತು ಅನುಬಿಯಾಸ್ ಕಡಿಮೆ ಬೆಳಕಿನಲ್ಲೂ ಬದುಕುತ್ತವೆ. ಇವುಗಳನ್ನು ಮಣ್ಣಿನಲ್ಲಿ ಹೂಳಬಾರದು. ಶುಂಠಿಯಂತೆ ಅಡ್ಡಕ್ಕೆ ಬೆಳೆಯುವ ಅವುಗಳ ಕಾಂಡ ಹೂತುಹೋದರೆ ಕೊಳೆಯುತ್ತದೆ. ಹತ್ತಿಯ ದಾರದಿಂದ ಮರಕ್ಕೆ ಸಡಿಲವಾಗಿ ಕಟ್ಟಿ. ದಾರ ಕೊಳೆಯುವ ಹೊತ್ತಿಗೆ ಬೇರು ಮರವನ್ನು ಹಿಡಿದುಕೊಂಡಿರುತ್ತದೆ. ಜಾವಾ ಪಾಚಿಯನ್ನೂ ಹೀಗೆಯೇ ಕಟ್ಟಬಹುದು.

ಕಲ್ಲಿನ ನಡುವೆ ನೆಡಲು ವ್ಯಾಲಿಸ್ನೇರಿಯಾ ಒಳ್ಳೆಯದು. ಹುಲ್ಲಿನಂಥ ಉದ್ದ ಎಲೆಗಳ ಈ ಗಿಡ ಹಿಂಭಾಗಕ್ಕೆ ಚೆಂದ. ನಡುವೆ ಕ್ರಿಪ್ಟೊಕೊರೈನ್ ನೆಡಬಹುದು. ಇದರ ಕೆಲವು ಜಾತಿಗಳು ಭಾರತದ ಹೊಳೆಗಳಲ್ಲೇ ಬೆಳೆಯುತ್ತವೆ. ಜಾಗ ಬದಲಾದಾಗ ಇದರ ಎಲೆಗಳೆಲ್ಲ ಕರಗಿಹೋಗುವುದುಂಟು. ಸತ್ತಿತೆಂದು ಕಿತ್ತು ಬಿಸಾಡಬೇಡಿ, ಬೇರು ಇದ್ದರೆ ಮತ್ತೆ ಚಿಗುರುತ್ತದೆ. ಔಷಧಕ್ಕೆ ಬಳಸುವ ನೀರುಬ್ರಾಹ್ಮಿಯೂ ತೊಟ್ಟಿಯಲ್ಲಿ ಬೆಳೆಯುತ್ತದೆ. ನೀರಿನಲ್ಲಿ ತೇಲಿಬಿಟ್ಟರೂ ಬೆಳೆಯುವ ಹಾರ್ನ್‌ವರ್ಟ್ ಬೇಗ ಬೆಳೆಯುವುದರಿಂದ ಅಮೋನಿಯಾ ಹೀರಲು ಬಹಳ ಉಪಯುಕ್ತ.

ಕೆಲವು ಅಂಗಡಿಗಳಲ್ಲಿ ನೆಲದ ಗಿಡಗಳನ್ನೂ ನೀರಿನ ಗಿಡವೆಂದು ಮಾರುತ್ತಾರೆ. ಲಕ್ಕಿ ಬ್ಯಾಂಬೂ ಅದಕ್ಕೊಂದು ಉದಾಹರಣೆ. ಪೂರ್ತಿ ಮುಳುಗಿಸಿದರೆ ಅದು ಕ್ರಮೇಣ ಕೊಳೆತು ನೀರು ಕೆಡಿಸುತ್ತದೆ. ಮನಿಪ್ಲಾಂಟ್ ಆದರೆ ಎಲೆಗಳು ಹೊರಗಿದ್ದು ಬೇರು ಮಾತ್ರ ನೀರಿನಲ್ಲಿರಬೇಕು. ಹಾಗಿಟ್ಟರೆ ಅದು ನೈಟ್ರೇಟ್ ಹೀರಿ ನೀರಿಗೆ ಸಹಾಯ ಮಾಡುತ್ತದೆ.

ಕೆರೆ, ಗದ್ದೆಯ ಗಿಡಗಳನ್ನು ಕಿತ್ತು ತರುವುದು ಪುಕ್ಕಟೆಯಾದರೂ ಮೊದಲ ತೊಟ್ಟಿಗೆ ಒಳ್ಳೆಯದಲ್ಲ. ಜಿಗಣೆ, ತುಂಬೆಹುಳುವಿನ ಮರಿ, ಗದ್ದೆಗೆ ಹೊಡೆದ ಕೀಟನಾಶಕ ಎಲ್ಲವೂ ಜೊತೆಗೆ ಬರಬಹುದು.

ಗಿಡಗಳನ್ನು ತೊಳೆಯುವ ಕ್ರಮ

ಗಿಡದ ಬುಡಕ್ಕೆ ಸುತ್ತಿದ ಲೋಹದ ಪಟ್ಟಿಯನ್ನು ಮೊದಲು ತೆಗೆಯಿರಿ. ಕೆಲವೊಮ್ಮೆ ಅದು ಸೀಸದ್ದಾಗಿರುತ್ತದೆ, ಮಕ್ಕಳ ಕೈಗೆ ಸಿಗಬಾರದು. ಚಿಕ್ಕ ಕುಂಡದಲ್ಲಿದ್ದರೆ ಬೇರಿನ ಸುತ್ತಲಿನ ಉಣ್ಣೆಯಂಥ ವಸ್ತುವನ್ನು ಬಿಡಿಸಿ. ಹಳದಿಯಾದ, ಕೊಳೆತ ಎಲೆಗಳನ್ನು ಕತ್ತರಿಸಿ. ಹರಿಯುವ ನೀರಿನಲ್ಲಿ ಎಲೆಯ ಹಿಂಭಾಗವನ್ನೂ ತೊಳೆಯಿರಿ. ಅಲ್ಲಿ ಬಸವನಹುಳುವಿನ ಮೊಟ್ಟೆಗಳು ಲೋಳೆಯ ಚುಕ್ಕಿಗಳಂತೆ ಅಂಟಿರುತ್ತವೆ.

ಆಮೇಲೆ ಪಟಿಕದ ನೀರಿನ ಸ್ನಾನ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಪಟಿಕದ ಪುಡಿ ಕರಗಿಸಿ ಗಿಡವನ್ನು ಎರಡು ಮೂರು ಗಂಟೆ ಮುಳುಗಿಸಿಡಿ. ಇಲ್ಲವೇ ಪೊಟ್ಯಾಶಿಯಂ ಪರ್ಮಾಂಗನೇಟನ್ನು ತಿಳಿ ಗುಲಾಬಿ ಬಣ್ಣ ಬರುವಷ್ಟೇ ಕರಗಿಸಿ ಹತ್ತು ನಿಮಿಷ ಇಡಿ. ಅದರ ಹರಳುಗಳು ಕೈಯನ್ನು ಕಲೆ ಮಾಡುತ್ತವೆ, ನುಂಗಿದರೆ ಅಪಾಯ. ಮಕ್ಕಳಿಗೆ ಎಟಕದ ಕಡೆ ಇಡಿ. ಯಾವುದನ್ನು ಬಳಸಿದರೂ ಕೊನೆಗೆ ಮೂರು ನಾಲ್ಕು ಸಲ ಸ್ವಚ್ಛ ನೀರಿನಲ್ಲಿ ತೊಳೆಯಬೇಕು.

ಸ್ವಲ್ಪ ಹೆಚ್ಚು ಖರ್ಚಾದರೂ ಪರವಾಗಿಲ್ಲವೆಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ, ಮುಚ್ಚಿದ ಡಬ್ಬಿಯಲ್ಲಿ ಬರುವ ಟಿಶ್ಯೂ ಕಲ್ಚರ್ ಗಿಡಗಳು ಸಿಗುತ್ತವೆ. ಅವುಗಳಲ್ಲಿ ಹುಳು, ಪಾಚಿ ಇರುವುದಿಲ್ಲ. ಬುಡದ ಜೆಲ್ಲಿಯನ್ನು ತೊಳೆದು ನೆಟ್ಟರೆ ಆಯಿತು.

ಆರು ವಾರದ ಸಬ್ರ್

ತೊಟ್ಟಿ ಇಡುವ ಜಾಗವನ್ನು ಮೊದಲೇ ನಿರ್ಧರಿಸಿ. ಮೇಲೆ ಹೇಳಿದ ಎರಡು ಅಡಿಯ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲು ಸೇರಿ ತೂಕ 70 ಕಿಲೋ ದಾಟಬಹುದು. ಪ್ಲಾಸ್ಟಿಕ್ ಮೇಜು, ಟಿ.ವಿ. ಸ್ಟ್ಯಾಂಡ್ ಇದಕ್ಕೆ ಸಾಲದು. ನಡೆಯಲು ಕಲಿಯುತ್ತಿರುವ ಮಗು ಹಿಡಿದು ಎಳೆದರೂ ಅಲುಗಾಡದ ಗಟ್ಟಿ ಸ್ಟ್ಯಾಂಡ್ ಬೇಕು. ನೇರ ಬಿಸಿಲು ಬೀಳುವಲ್ಲಿ ಇಟ್ಟರೆ ಪಾಚಿ ಕಟ್ಟುತ್ತದೆ.

ಮೊದಲ ವಾರ ಕಲ್ಲು, ಮರ, ಗಿಡ ಇಟ್ಟು ನೀರು ತುಂಬಿ ಫಿಲ್ಟರ್ ಓಡಿಸಿ. ನಲ್ಲಿಯ ನೀರಾದರೆ ಬಕೆಟ್ಟಿನಲ್ಲಿ ತೆರೆದು ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ದೀಪ ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು. ಎರಡು ಮೂರು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಮೀನಿಲ್ಲದಿದ್ದರೂ ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಪರಿಚಯದವರಲ್ಲಿ ಆರೋಗ್ಯವಾದ ಹಳೆಯ ತೊಟ್ಟಿಯಿದ್ದರೆ ಅದರ ಫಿಲ್ಟರ್ ಸ್ಪಂಜಿನ ಒಂದು ತುಂಡು ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಕೆಲಸ ಬೇಗ ಆಗುತ್ತದೆ.

ನಾಲ್ಕನೇ ವಾರದಿಂದ ಟೆಸ್ಟ್ ಕಿಟ್‌ನಲ್ಲಿ ಪರೀಕ್ಷಿಸಿ. ಆಹಾರ ಹಾಕುತ್ತಿದ್ದರೂ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿ, ನೈಟ್ರೇಟ್ ಕಾಣಿಸಿಕೊಂಡರೆ ತೊಟ್ಟಿ ಸಿದ್ಧ. ಆಗ ಐದಾರು ಸಣ್ಣ ಮೀನುಗಳಿಂದ ಶುರು ಮಾಡಿ. ಗಡಸು ನೀರಾದರೆ ಗಪ್ಪಿ, ಮೆದು ನೀರಾದರೆ ಝೀಬ್ರಾ ಡೇನಿಯೋ ಸರಿ. ಗೋಲ್ಡ್‌ಫಿಶ್ ಗಿಡಗಳನ್ನು ಕಿತ್ತು ತಿನ್ನುತ್ತದೆ. ತೊಟ್ಟಿ ಸ್ವಚ್ಛ ಮಾಡುತ್ತದೆಂದು ಕೊಡುವ ಸಕ್ಕರ್ ಮೀನು ಒಂದು ಅಡಿಗಿಂತಲೂ ಉದ್ದ ಬೆಳೆಯುತ್ತದೆ. ಅದಕ್ಕೆ ಈ ತೊಟ್ಟಿ ಸೆರೆಮನೆ.

ಮಕ್ಕಳಿಗೆ ಆರು ವಾರ ಬಹಳ ಉದ್ದ. ಅವರಿಗೊಂದು ನೋಟ್‌ಬುಕ್ ಕೊಡಿ. ಯಾವ ಎಲೆ ಹೊಸದಾಗಿ ಬಂತು, ನೀರಿನ ಬಣ್ಣ ಹೇಗಿದೆ, ಪರೀಕ್ಷೆಯ ಫಲ ಏನು ಎಂದು ಅವರೇ ಬರೆಯಲಿ. ಕಾಯುವ ದಿನಗಳಲ್ಲೇ ಅವರು ಅರ್ಧ ಕಲಿತಿರುತ್ತಾರೆ.

ಕೈಗಳ ಶುಚಿತ್ವ

ಅಕ್ವೇರಿಯಂ ನೀರಿನಲ್ಲಿ ಮನುಷ್ಯರಿಗೆ ಸೋಂಕು ತರಬಲ್ಲ ಜೀವಾಣುಗಳೂ ಇರಬಹುದು. ಅವುಗಳಲ್ಲಿ ಗೊತ್ತಿರಬೇಕಾದದ್ದು ಮೈಕೋಬ್ಯಾಕ್ಟೀರಿಯಂ ಮರೀನಮ್. ಇದು ಕ್ಷಯರೋಗದ ಬ್ಯಾಕ್ಟೀರಿಯಾದ ನೆಂಟ. ಕೈಯ ಗಾಯ, ಗೀರುಗಳ ಮೂಲಕ ಒಳಸೇರುತ್ತದೆ. ಒರಟು ಮರವನ್ನು ಉಜ್ಜುವಾಗ ಬೆರಳಿಗೆ ಗೀರು ಬೀಳುವುದು ಸಾಮಾನ್ಯವಾದ್ದರಿಂದ ಇದನ್ನು ಇಲ್ಲಿ ಹೇಳುತ್ತಿದ್ದೇವೆ. ಸೋಂಕು ತಗಲಿದ ಎರಡು ನಾಲ್ಕು ವಾರಗಳ ಬಳಿಕ, ಕೆಲವೊಮ್ಮೆ ಇನ್ನೂ ತಡವಾಗಿ, ಬೆರಳು ಅಥವಾ ಕೈಯಲ್ಲಿ ಕೆಂಪು ಇಲ್ಲವೇ ನೇರಳೆ ಬಣ್ಣದ ಗಂಟು ಕಾಣಿಸುತ್ತದೆ. ನಿಧಾನವಾಗಿ ದೊಡ್ಡದಾಗಬಹುದು, ತೋಳಿನ ಮೇಲೆ ಸಾಲಾಗಿ ಇನ್ನಷ್ಟು ಗಂಟುಗಳು ಏಳಬಹುದು. ಇದು ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಚಿಕಿತ್ಸೆಯಿದೆ, ಆದರೆ ತಿಂಗಳುಗಟ್ಟಲೆ ಔಷಧಿ ಬೇಕಾಗುತ್ತದೆ. ಮಾಮೂಲಿ ಗಾಯವೆಂದು ಐದು ದಿನದ ಮಾತ್ರೆ ತಿಂದು ಸುಮ್ಮನಿದ್ದರೆ ಗುಣವಾಗುವುದಿಲ್ಲ. ವೈದ್ಯರ ಬಳಿ ಹೋದಾಗ "ಮನೆಯಲ್ಲಿ ಮೀನಿನ ತೊಟ್ಟಿಯಿದೆ" ಎಂದು ತಪ್ಪದೆ ಹೇಳಿ. ಆ ಒಂದು ಮಾತು ರೋಗ ಪತ್ತೆಗೆ ದೊಡ್ಡ ಸಹಾಯ.

ದಿನಕ್ಕೆ ಐದು ಹೊತ್ತು ವುಝೂ ಮಾಡುವವರು ತಮ್ಮ ಬೆರಳ ಸಂದುಗಳನ್ನು ದಿನವೂ ನೋಡುತ್ತಾರೆ. ಸಣ್ಣ ಗಂಟು, ಮಾಗದ ಗೀರು ಕಣ್ಣಿಗೆ ಬೇಗ ಬೀಳುತ್ತದೆ. ಆದರೆ ತೊಟ್ಟಿಗೆ ಕೈ ಹಾಕಿದ ಮೇಲೆ ವುಝೂವಿನ ನೀರಷ್ಟೇ ಸಾಲದು. ಮೊದಲು ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಯಬೇಕು. ಪಾಲಿಸಬೇಕಾದ ಉಳಿದ ನಿಯಮಗಳು ಇವು:

ಕೈಯಲ್ಲಿ ಗಾಯವಿದ್ದರೆ ಉದ್ದ ತೋಳಿನ ರಬ್ಬರ್ ಗವಸು ಹಾಕಿ, ಇಲ್ಲವೇ ಬೇರೆಯವರಿಗೆ ಕೆಲಸ ಒಪ್ಪಿಸಿ. ಸಕ್ಕರೆ ಕಾಯಿಲೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ತೊಟ್ಟಿ ತೊಳೆಯುವ ಕೆಲಸದಿಂದ ದೂರವಿರುವುದು ಒಳ್ಳೆಯದು.

ನೀರು ತೆಗೆಯುವ ಪೈಪನ್ನು ಬಾಯಿಂದ ಎಳೆಯಬೇಡಿ. ಕೈಯಿಂದ ಒತ್ತುವ ಪಂಪ್ ಇರುವ ಪೈಪ್ ಕಡಿಮೆ ಬೆಲೆಗೆ ಸಿಗುತ್ತದೆ.

ಅಡುಗೆಮನೆಯ ಸಿಂಕಿನಲ್ಲಿ ಮರ, ಕಲ್ಲು, ಫಿಲ್ಟರ್ ತೊಳೆಯಬೇಡಿ. ಹೊರಗಿನ ನಲ್ಲಿಯಲ್ಲಿ ತೊಳೆಯಿರಿ. ಬಕೆಟ್, ಬ್ರಷ್, ಮಗ್ ತೊಟ್ಟಿಗೆಂದೇ ಬೇರೆ ಇರಲಿ.

ಐದು ವರ್ಷದೊಳಗಿನ ಮಕ್ಕಳು ನೋಡಲಿ, ತೊಳೆಯುವುದು ಬೇಡ. ಅವರಿಗೆ ಸಾಲ್ಮೊನೆಲ್ಲಾ ಸೋಂಕು ತಗಲಿದರೆ ತೀವ್ರವಾಗಬಹುದು. ತುಂಬಿದ ಬಕೆಟ್ ಪುಟ್ಟ ಮಗುವಿಗೆ ಮುಳುಗುವ ಅಪಾಯವೂ ಹೌದು.

ನೀರಿಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ ತೆಗೆಯಿರಿ. ವಯರ್ ಪ್ಲಗ್ಗಿಗಿಂತ ಕೆಳಗೆ ಬಾಗಿ ಮತ್ತೆ ಮೇಲೇರುವಂತಿರಲಿ. ಆಗ ವಯರಿನ ಮೇಲೆ ಹರಿದ ನೀರು ಪ್ಲಗ್ ತಲುಪದೆ ಕೆಳಗೆ ತೊಟ್ಟಿಕ್ಕುತ್ತದೆ. ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಲ್ಲಿ ಕೇಳಿಕೊಳ್ಳಿ.

ತೊಟ್ಟಿಯ ನೀರು ಬಟ್ಟೆಗೆ ಸಿಡಿದರೆ ನಮಾಝ್‌ಗೆ ಏನು ಎಂಬ ಪ್ರಶ್ನೆ ಕೆಲವರಿಗಿದೆ. ಅದನ್ನು ನಿಮ್ಮ ಮದ್‌ಹಬ್ ಬಲ್ಲ ಉಸ್ತಾದರಲ್ಲಿ ಕೇಳುವುದೇ ಸರಿ. ನಮಾಝ್ ಮಾಡುವ ಜಾಗದಿಂದ ತೊಟ್ಟಿಯನ್ನು ಸ್ವಲ್ಪ ದೂರ ಇಟ್ಟರೆ ಈ ಗೊಂದಲವೇ ಬರುವುದಿಲ್ಲ.

ದಿನಚರಿ ಬದಲಾದಾಗ

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಪೂರ್ತಿ ಖಾಲಿ ಮಾಡಿ ತೊಳೆಯುವ ಅಭ್ಯಾಸ ಬೇಡ, ಅದರಿಂದ ಒಳ್ಳೆಯ ಬ್ಯಾಕ್ಟೀರಿಯಾ ನಾಶವಾಗುತ್ತದೆ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಅದು ಹೂಗಿಡಗಳಿಗೆ ಒಳ್ಳೆಯ ಗೊಬ್ಬರ. ಹೀಗೆ ಮಾಡಿದರೆ ನೀರಿನ ಇಸ್ರಾಫ್ ಆಗುವುದಿಲ್ಲ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಹಾಕಬೇಡಿ.

ರಮಝಾನಿನಲ್ಲಿ ಮನೆಯ ಸಮಯವೆಲ್ಲ ಬದಲಾಗುತ್ತದೆ. ಅತ್ತಾಳಕ್ಕೆ ಎದ್ದಾಗ ಒಬ್ಬರು, ಇಫ್ತಾರ್ ಬಳಿಕ ಇನ್ನೊಬ್ಬರು ಆಹಾರ ಹಾಕಿ ಅದು ಎರಡು ಪಾಲಾಗಬಾರದು. ಒಬ್ಬರೇ ವಹಿಸಿಕೊಳ್ಳಲಿ. ಆಹಾರ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಇರಲಿ. ಮದುವೆ, ಊರಿಗೆ ಹೋಗುವ ಮೂರು ನಾಲ್ಕು ದಿನ ಆಹಾರವಿಲ್ಲದಿದ್ದರೂ ಬಲಿತ, ಆರೋಗ್ಯವಾದ ಮೀನುಗಳಿಗೆ ತೊಂದರೆಯಾಗದು. ಉಮ್ರಾದಂಥ ದೀರ್ಘ ಪ್ರಯಾಣವಾದರೆ ದಿನದ ಆಹಾರವನ್ನು ಚಿಕ್ಕ ಚಿಕ್ಕ ಪೊಟ್ಟಣ ಮಾಡಿ ನೆರೆಯವರಿಗೆ ಕೊಟ್ಟುಹೋಗಿ. ಇಡೀ ಡಬ್ಬಿ ಕೊಟ್ಟರೆ ಕನಿಕರದಿಂದಲೇ ಹೆಚ್ಚು ಹಾಕಿ ನೀರು ಕೆಡಿಸುವುದುಂಟು.

ಬೇಡವಾದಾಗ ಕೆರೆಗೆ ಬಿಡಬೇಡಿ

ಮೀನನ್ನು ಕೆರೆಗೋ ಹೊಳೆಗೋ ಬಿಟ್ಟರೆ ಪುಣ್ಯ ಎಂದು ಕೆಲವರು ತಿಳಿದಿದ್ದಾರೆ. ಹೊರದೇಶದ ಮೀನು, ಗಿಡಗಳು ನಮ್ಮ ನೀರಿಗೆ ಸೇರಿದರೆ ಅಲ್ಲಿನ ಜೀವಿಗಳ ಅನ್ನ ಕಸಿಯುತ್ತವೆ. ಕೆರೆಗಳ ಮೈ ಮುಚ್ಚುವ ಜಲಕಳೆ ಅಲಂಕಾರಕ್ಕೆಂದು ದಕ್ಷಿಣ ಅಮೆರಿಕದಿಂದ ಲೋಕವಿಡೀ ಹರಡಿದ ಗಿಡ. ತೊಟ್ಟಿಗಳಿಂದ ತಪ್ಪಿಸಿಕೊಂಡ ಸಕ್ಕರ್ ಮೀನು ಇಂದು ದೇಶದ ಹಲವು ಕೆರೆ, ನದಿಗಳಲ್ಲಿ ಬೆಸ್ತರ ಬಲೆಗೆ ಬಿದ್ದು ಬಲೆಯನ್ನೇ ಹರಿಯುತ್ತಿದೆ. ಆ ನಷ್ಟ ತೆರುವವರು ಬಡ ಮೀನುಗಾರರು.

ಸಾಕಲಾಗದಿದ್ದರೆ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ಸಾಕುವ ಬೇರೊಂದು ಮನೆಗೆ ಕೊಡಿ. ಕತ್ತರಿಸಿದ ಗಿಡಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಚರಂಡಿಗೆ, ತೋಡಿಗೆ ಎಸೆಯಬೇಡಿ. ಮರದ ತುಂಡನ್ನು ತೊಳೆದು ಒಣಗಿಸಿಟ್ಟರೆ ವರ್ಷಗಳ ಮೇಲೂ ಬಳಸಬಹುದು. ಹೊಸ ತೊಟ್ಟಿ ಇಡಲು ಹೊರಟ ನೆಂಟರಿಷ್ಟರಿಗೆ ಅದನ್ನು ಕೊಡಿ. ಜೊತೆಗೆ ಮೀನನ್ನು ಕೊನೆಯಲ್ಲಿ ತರಲು ಮರೆಯದೆ ಹೇಳಿ.